ಬೋರ್ಡು ಅದೇ, ಭಟ್ಟರು ಬೇರೆ

1971ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಿಂದ ‘ಫಿಲಾಸಫಿ ಅಂಡ್ ಪಬ್ಲಿಕ್ ಅಫೇರ್ಸ್’ ಎಂಬ ತ್ರೈಮಾಸಿಕ ಶುರುವಾಯಿತು. ಮೊದಲ ಸಂಚಿಕೆಯಲ್ಲೇ ಜುಡಿತ್ ಜಾರ್ವಿಸ್ ಥಾಮ್ಸನ್ ಗರ್ಭಪಾತದ ಬಗ್ಗೆ ಬರೆದ ಲೇಖನವಿತ್ತು. ಅವರ ಪ್ರಶ್ನೆ ಇದು: ಬೆಳಿಗ್ಗೆ ಕಣ್ಣುಬಿಟ್ಟರೆ ಪ್ರಸಿದ್ಧ ಪಿಟೀಲುವಾದಕನೊಬ್ಬನನ್ನು ನಿಮ್ಮ ಮೂತ್ರಪಿಂಡಕ್ಕೆ ಜೋಡಿಸಿದ್ದಾರೆ, ಬಿಡಿಸಿದರೆ ಅವನು ಸಾಯುತ್ತಾನೆ. ಒಂಬತ್ತು ತಿಂಗಳು ಹಾಗೇ ಮಲಗಿರಬೇಕೇ? ಮರುವರ್ಷ ಅದೇ ಪತ್ರಿಕೆಯಲ್ಲಿ ಪೀಟರ್ ಸಿಂಗರ್ ಪೂರ್ವ ಬಂಗಾಳದ ನಿರಾಶ್ರಿತರ ಬಗ್ಗೆ ಬರೆದರು. ಅವರಿಗೆ ಆಸ್ಟ್ರೇಲಿಯಾ ಕೊಟ್ಟ ನೆರವು ಸಿಡ್ನಿಯ ಹೊಸ ಒಪೆರಾ ಹೌಸ್‌ನ ಖರ್ಚಿನ ಹನ್ನೆರಡನೇ ಒಂದು ಭಾಗವೂ ಇಲ್ಲ ಎಂದು ಲೆಕ್ಕ ತೋರಿಸಿ, ಉಳ್ಳವರು ಕೊಡುವುದು ದಾನವಲ್ಲ, ಕರ್ತವ್ಯ ಎಂದು ವಾದಿಸಿದರು. ಈ ಎರಡೂ ಲೇಖನಗಳು ಇಂದಿಗೂ ತತ್ತ್ವಶಾಸ್ತ್ರದ ತರಗತಿಗಳಲ್ಲಿ ಜಗಳ ಹಚ್ಚುತ್ತವೆ.

ಇಂಥ ಪತ್ರಿಕೆಗಳಿಗಿದ್ದ ಮರ್ಯಾದೆಗೆ ಕಾರಣ ಅವು ಅಚ್ಚು ಹಾಕಿದ್ದಷ್ಟೇ ಅಲ್ಲ, ವಾಪಸು ಕಳಿಸಿದ್ದೂ ಹೌದು. ನೈತಿಕ ಮತ್ತು ರಾಜಕೀಯ ಚಿಂತನೆಯ ಹೊಸ ಲೇಖನಗಳನ್ನೆಲ್ಲ ಓದಿ ಮುಗಿಸುವುದು ಯಾರಿಂದಲೂ ಆಗದ ಕೆಲಸ. ಸಂಪಾದಕರು, ಪರಿಶೀಲಕರು ಹೆಚ್ಚಾಗಿ ಪುಕ್ಕಟೆ ದುಡಿದು ಜರಡಿ ಹಿಡಿದದ್ದರಿಂದಲೇ ಓದುಗ ಬಚಾವಾಗಿದ್ದ.

ಪ್ರಕಾಶಕರ ಲೆಕ್ಕ ಬೇರೆ. ಲೇಖನಕ್ಕೆ ಇಷ್ಟು ಎಂದು ಶುಲ್ಕ ವಸೂಲಾಗುವ ಮುಕ್ತ ಪ್ರವೇಶದ ವ್ಯವಸ್ಥೆಯಲ್ಲಿ ಲೇಖನ ಹೆಚ್ಚಿದಷ್ಟೂ ಆದಾಯ. ಈ ಎರಡು ಲೆಕ್ಕಗಳ ತಿಕ್ಕಾಟದ ನಡುವೆ, ರಾಬರ್ಟ್ ಗುಡಿನ್ 1993ರಲ್ಲಿ ಕಟ್ಟಿದ ‘ಜರ್ನಲ್ ಆಫ್ ಪೊಲಿಟಿಕಲ್ ಫಿಲಾಸಫಿ’ಯ ಸಂಪಾದಕತ್ವದಿಂದ ಅವರನ್ನೇ ಅದರ ಪ್ರಕಾಶಕ ವೈಲಿ ಕಂಪನಿ 2023ರ ಕೊನೆಗೆ ತೆಗೆದುಹಾಕಿತು. ಸಹಸಂಪಾದಕರು ಸಾಲಾಗಿ ರಾಜೀನಾಮೆ ಕೊಟ್ಟರು. 2024ರ ಮೇ ತಿಂಗಳಲ್ಲಿ, ಅಷ್ಟರಲ್ಲಿ ವೈಲಿಯ ಕೈ ಸೇರಿದ್ದ ‘ಫಿಲಾಸಫಿ ಅಂಡ್ ಪಬ್ಲಿಕ್ ಅಫೇರ್ಸ್’ನ ಇಡೀ ಸಂಪಾದಕ ಬಳಗವೂ ಹೊರನಡೆಯಿತು. ಹಳೆಯ ಹೆಸರು ಕಂಪನಿಯ ಬಳಿಯೇ ಉಳಿಯಿತು: ಭಟ್ಟರು ಎದ್ದುಹೋದರೂ ಹೋಟೆಲಿನ ಬೋರ್ಡು ಅದೇ ಇದ್ದಂತೆ.

ಹೊರಬಂದವರು ‘ಪೊಲಿಟಿಕಲ್ ಫಿಲಾಸಫಿ’ ಮತ್ತು ‘ಫ್ರೀ ಅಂಡ್ ಈಕ್ವಲ್’ ಎಂಬ ಹೊಸ ಪತ್ರಿಕೆಗಳಿಗೆ ಕೈಹಾಕಿದರು. ಎರಡಕ್ಕೂ ಲಂಡನ್ನಿನ ಓಪನ್ ಲೈಬ್ರರಿ ಆಫ್ ಹ್ಯುಮಾನಿಟೀಸ್ ಆಸರೆ. ಗ್ರಂಥಾಲಯಗಳು ಕೂಡಿ ಹಾಕುವ ವಂತಿಗೆಯಲ್ಲಿ ಖರ್ಚು ನಡೆಯುತ್ತದೆ, ಓದುಗನಿಗೂ ಬರೆಯುವವನಿಗೂ ಶುಲ್ಕವಿಲ್ಲ.

ಇತ್ತ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ, ಸಂಶೋಧನಾ ಪತ್ರಿಕೆಗಳಿಗೆ ಸರ್ಕಾರವೇ ಚಂದಾ ಕಟ್ಟುವ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಧಾರವಾಡ, ಮೈಸೂರಿನ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದರಿಂದ ಅನುಕೂಲವಾಗಿದೆ, ಅನುಮಾನವಿಲ್ಲ. ಆದರೆ ವೈಲಿಯೂ ಆ ಮೂವತ್ತರಲ್ಲಿ ಒಂದು. ಅಂದರೆ ಸಂಪಾದಕರು ಬಿಟ್ಟುಹೋದ ಮನೆಗೂ ನಾವು ಬಾಡಿಗೆ ಕಟ್ಟುತ್ತಿದ್ದೇವೆ. ಯೋಜನೆ ಬೇಡವೆಂದಲ್ಲ, ಹಳೆಯ ಸಂಚಿಕೆಗಳಿಗಾಗಿಯಾದರೂ ಅದು ಬೇಕು. ಆದರೆ ಚಂದಾ ಪಟ್ಟಿಯಲ್ಲಿರುವುದೇ ಶ್ರೇಷ್ಠ ಎಂದು ಮಾರ್ಗದರ್ಶಕರು ನಂಬಿ ಕೂತರೆ ಸಂಶೋಧಕರು ತಪ್ಪು ಬಾಗಿಲಲ್ಲಿ ಕಾಯುತ್ತಾರೆ. ಯೋಜನೆ ಇರುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನವರಿಗೆ ಆ ಬಾಗಿಲೂ ಇಲ್ಲ. ಅಂಥವರು 2005ರಿಂದ ಉಚಿತವಾಗಿ ಬರುತ್ತಿರುವ ‘ಜರ್ನಲ್ ಆಫ್ ಎಥಿಕ್ಸ್ ಅಂಡ್ ಸೋಷಿಯಲ್ ಫಿಲಾಸಫಿ’ಯಿಂದ ಶುರುಮಾಡಬಹುದು. ಅದಕ್ಕೆ ಪಾಸ್‌ವರ್ಡ್ ಬೇಡ, ಪ್ರಿನ್ಸಿಪಾಲರ ಸಹಿಯೂ ಬೇಡ.