ಐದು ವ್ಯಾಟಿನ ತಂತಿ

ಶನಿವಾರ ಇಸ್ಸಾಕ್ವಾ ಪಕ್ಕದ ಟೈಗರ್ ಮೌಂಟನ್ ಹತ್ತಿದ್ದೆ. ಬ್ಯಾಗಲ್ಲಿ ಅಂಗೈಯಗಲದ ರೇಡಿಯೋ, ಬ್ಯಾಟರಿ, ಮೋರ್ಸ್ ಕೀ, ಆಂಟೆನಾಗೆ ಹತ್ತು ಮೀಟರ್ ತಂತಿ, ಜೊತೆಗೆ ಚಿತ್ರಾನ್ನ. ತಂತಿಯನ್ನ ಮರದ ಕೊಂಬೆಗೆ ಎಸೆಯೋಕೇ ಅರ್ಧ ಗಂಟೆ ಹಿಡೀತು.

ಐದು ವ್ಯಾಟ್, ಅಷ್ಟೇ ಶಕ್ತಿ. ಹ್ಯಾಮ್‌ಗಳು ಇದಕ್ಕೆ ಕ್ಯುಆರ್‌ಪಿ ಅಂತಾರೆ. ಇಷ್ಟರಲ್ಲಿ ಬಾಯಿಬಿಟ್ಟು ಮಾತಾಡಿದ್ರೆ ಗದ್ದಲದಲ್ಲಿ ಕರಗಿಹೋಗುತ್ತೆ. ಮಾತಿಗೆ ಸುಮಾರು 2,500 ಹರ್ಟ್ಸ್ ಜಾಗ ಬೇಕು, ಮೋರ್ಸ್‌ಗೆ 150 ಸಾಕು. ಇರೋ ಶಕ್ತಿಯೆಲ್ಲ ಒಂದೇ ಕಡೆ. ಕೇಳೋರೂ ಅಷ್ಟಕ್ಕೇ ಕಿವಿ ಕೊಡಬಹುದು. ಅಮೆರಿಕದಲ್ಲಿ 2007ರಲ್ಲೇ ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ ತೆಗೆದುಹಾಕಿದ್ರು. ನಾನು ಕಲಿತಿದ್ದು ಬರೀ ಹುಚ್ಚಿಗೆ.

ನಲವತ್ತು ನಿಮಿಷ ಕರೆದೆ. ಯಾರೂ ಓಗೊಡಲಿಲ್ಲ. ಮಳೆ ಬೇರೆ ಹನಿಯೋಕೆ ಶುರು (ಸಿಯಾಟಲ್ ಅಲ್ವಾ!). ಬೆರಳು ಮರಗಟ್ಟಿ ನನ್ನ ಕಾಲ್‌ಸೈನೇ ತಪ್ಪಾಗ್ತಿತ್ತು. ಎಲ್ಲ ಬಿಚ್ಚೋಣ ಅನ್ನೋಷ್ಟರಲ್ಲಿ ಇಯರ್‌ಫೋನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಅದೇ ಕಾಲ್‌ಸೈನ್ ವಾಪಸ್ ಬಂತು!

ಅರಿಜೋನಾದವರು. ಎಲ್ಲರಿಗೂ ಸುಮ್ಮನೆ 599 ಹಂಚೋ ಜನರ ಮಧ್ಯೆ ಇವರು ಕೊಟ್ಟಿದ್ದು 339. ಅಂದ್ರೆ ಸಿಗ್ನಲ್ ಕ್ಷೀಣ, ತುಂಬಾ ಕಷ್ಟಪಟ್ಟು ಓದಿದೆ ಅಂತ. ನಂಗೆ 599ಕ್ಕಿಂತ ಇದೇ ಹೆಚ್ಚು ಅನ್ನಿಸ್ತು. ಗುರುತಿಲ್ಲದವರು, ಬಿಟ್ಟುಹೋಗಬಹುದಿತ್ತು, ಹೋಗಲಿಲ್ಲ.

ರಾತ್ರಿ, ಅಲ್ಲಿ ಬೆಳಗಾದ ಮೇಲೆ, ಅಜ್ಜಿಗೆ ಫೋನ್ ಮಾಡಿ "ಬೆಟ್ಟದ ಮೇಲಿಂದ ತಂತಿ ಕಳಿಸ್ದೆ ಅಜ್ಜಿ" ಅಂದೆ. ಅಜ್ಜಿ ಕಾಲದಲ್ಲಿ ತಂತಿ ಬಂತು ಅಂದ್ರೆ ಸಾವಿನ ಸುದ್ದಿ. ಭಾರತದಲ್ಲಿ ಟೆಲಿಗ್ರಾಂ 2013ರಲ್ಲೇ ನಿಂತಿದೆ, ಆ ಭಯ ಮಾತ್ರ ಹೋಗಿಲ್ಲ.

"ಅಯ್ಯೋ, ಯಾರಿಗೇನಾಯ್ತೋ ಮಗಾ?"