ಎತ್ತರಿಸಿದ ಗಾಡಿ, ಕಣ್ಣಿಗೆ ರಾಚುವ ಬೆಳಕು



ಮಳೆ ಹಿಡಿಯಿತೆಂದರೆ ಮಹಾರಾಷ್ಟ್ರದ ಮಾಳ್ಶೇಜ್ ಘಾಟಿಗೆ ಹೊರಟ ಎಸ್‌ಯುವಿಗಳು ಕಲ್ಯಾಣ–ಮುರ್ಬಾಡ್ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಕೆಲವಕ್ಕೆ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿ, ಮಡ್‌ಗಾರ್ಡ್‌ನಿಂದಾಚೆ ಚಾಚುವ ಟೈರ್ ಕೂರಿಸಿರುತ್ತಾರೆ. ಹೆಡ್‌ಲೈಟ್ ಅಷ್ಟೇ ಮೇಲೇರಿ, ಎದುರಿನ ಬೈಕ್ ಸವಾರನ ಕಣ್ಣಿಗೇ ರಾಚುತ್ತದೆ. ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು, ಬ್ರೇಕಿಗೂ ಹೊರೆ. ಟೈರ್ ದೊಡ್ಡದಾದಷ್ಟೂ ಸ್ಪೀಡೋಮೀಟರ್ ವೇಗವನ್ನು ಮೊದಲಿಗಿಂತ ಕಡಿಮೆ ತೋರಿಸುತ್ತದೆ.

ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯಡಿ ಇಂಥ ಪ್ರತಿ ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಗಿರಾಕಿಗೆ ಇದನ್ನು ಮೊದಲೇ ತಿಳಿಸುವುದು ಗ್ಯಾರೇಜಿನವರ ಹೊಣೆ. ಸಾರಿಗೆ ಅಧಿಕಾರಿಗಳು ವಾರಾಂತ್ಯದಲ್ಲಿ ಮುರ್ಬಾಡ್‌ನಲ್ಲೇ ಇಂಥ ಗಾಡಿಗಳನ್ನು ತಡೆದು ತಪಾಸಣೆ ನಡೆಸಲಿ.

– ಓದುಗ, ಕಲ್ಯಾಣ