ಸಹಿಗೆ ಮೊದಲು ಓದು

ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ನಮ್ಮ ಮನೆಗಳಲ್ಲಿ ಮಾತು ಕನ್ನಡ. ಹೊಲದ ಕಾಗದ ಮಾತ್ರ ಮರಾಠಿ. ಈ ಅಂತರದಿಂದಾಗಿ ಎಷ್ಟೋ ಕುಟುಂಬಗಳಲ್ಲಿ ಕಾಗದವನ್ನು ಓದದೆಯೇ ಸಹಿ ಮಾಡುವುದು, ಹೆಬ್ಬೆಟ್ಟು ಒತ್ತುವುದು ರೂಢಿಯಾಗಿದೆ. ಅದರ ಫಲ ತಿಳಿಯುವುದು ವರ್ಷಗಳ ಬಳಿಕ, ಬೆಳೆಸಾಲ ಕೇಳಲು ಹೋದಾಗ ಅಥವಾ ಅಣ್ಣತಮ್ಮಂದಿರು ಬೇರೆಯಾದಾಗ.

ಖರೀದಿಪತ್ರ ಬೇರೆ, ಸಾತಬಾರಾ ಉತಾರೆ ಬೇರೆ. 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಜಮೀನಿನ ಮಾರಾಟಪತ್ರವನ್ನು ನೋಂದಾಯಿಸಲೇಬೇಕು. ಸಹಿಯಾದ ನಾಲ್ಕು ತಿಂಗಳೊಳಗೆ ಕಚೇರಿಗೆ ಒಪ್ಪಿಸಬೇಕು. ಮುದ್ರಾಂಕದ ಕಾಗದದ ಮೇಲೆ ಪಂಚರೆದುರು ಬರೆದುಕೊಂಡ ಒಪ್ಪಂದದಿಂದ ಒಡೆತನ ಬರುವುದಿಲ್ಲ. ಇನ್ನು ಸಾತಬಾರಾ: ಅದರ ಏಳನೆಯ ನಮೂನೆಯಲ್ಲಿ ಖಾತೆದಾರರ ಹೆಸರು, ಕ್ಷೇತ್ರ, ಇತರ ಹಕ್ಕುಗಳು, ಹನ್ನೆರಡನೆಯದರಲ್ಲಿ ಬೆಳೆಯ ವಿವರ. ಇಲ್ಲಿ ಹೆಸರು ಬದಲಾಗುವುದು ಫೇರಫಾರದಿಂದ.

ಹಿರಿಯರು ತೀರಿಕೊಂಡಾಗ ವಾರಸುದಾರರು ಮೂರು ತಿಂಗಳೊಳಗೆ ತಲಾಠಿಗೆ ತಿಳಿಸಬೇಕೆಂದು 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆ ಹೇಳುತ್ತದೆ. ಬಾಯಿಮಾತಿನಲ್ಲಿ ತಿಳಿಸಿದರೂ ಸಾಕು. ಆದರೆ ಲಿಖಿತ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಹೊಸ ನಮೂದಿನ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸುತ್ತಾರೆ; ಸಂಬಂಧಪಟ್ಟವರಿಗೆ ನೋಟೀಸು ಬರುತ್ತದೆ. ತಕರಾರು ಇದ್ದರೆ ಆಗಲೇ ಬರೆದುಕೊಡಬೇಕು. ಮಂಜೂರಾದ ನಮೂದನ್ನು, ತಪ್ಪೆಂದು ಸಿದ್ಧವಾಗುವವರೆಗೆ, ಕಾನೂನು ಸರಿಯೆಂದೇ ಭಾವಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಹಕ್ಕಸೋಡ ಪತ್ರದಲ್ಲಿ. 2005ರ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮದುವೆಯಾದ ಮಾತ್ರಕ್ಕೆ ಅದು ಅಳಿಯದು. ಆದರೂ ತವರಿಗೆ ಕರೆಸಿ, ಉಡಿ ತುಂಬಿ, “ಇಲ್ಲೊಂದು ಸಹಿ ಮಾಡವ್ವಾ” ಎಂದರೆ ಅಕ್ಕತಂಗಿಯರು ಇಲ್ಲವೆನ್ನಲಾರರು. ಮನಸಾರೆ ಬಿಟ್ಟುಕೊಡುವುದು ಅವರ ಇಚ್ಛೆ. ಆದರೆ ಏನನ್ನು ಬಿಡುತ್ತಿದ್ದೇವೆಂದು ತಿಳಿಯದೆ ಬಿಟ್ಟರೆ ಅದು ದಾನವಲ್ಲ. ನೋಂದಣಿ ಅಧಿಕಾರಿ ಕೇಳುವುದು ಪತ್ರವನ್ನು ಬರೆದುಕೊಟ್ಟವರು ನೀವೇ ಹೌದೇ ಎಂದು. ನಿಮಗೆ ಅದು ನ್ಯಾಯವೇ ಎಂದು ತೂಗುವುದು ಅವರ ಕೆಲಸವಲ್ಲ.

ನಮ್ಮ ಶಾಲೆಯ ಮಕ್ಕಳು ಕನ್ನಡದೊಡನೆ ಮರಾಠಿಯನ್ನೂ ಕಲಿಯುತ್ತಾರೆ. ಈ ವಾರ ಮನೆಯ ಉತಾರೆಯನ್ನು ಹೊರತೆಗೆದು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಮಹಾಭೂಲೇಖ ಜಾಲತಾಣದಲ್ಲಿಯೂ ಅದನ್ನು ನೋಡಬಹುದು. ಗಟ್ ಕ್ರಮಾಂಕ, ಕ್ಷೇತ್ರ, ತಾಯಿಯ ಹೆಸರು, ಅತ್ತೆಯರ ಹೆಸರು ಸರಿಯಾಗಿವೆಯೇ ನೋಡಿರಿ. ತಿಳಿಯದ ಶಬ್ದವನ್ನು ಗುರುತುಹಾಕಿ, ಬಲ್ಲವರನ್ನು ಕೇಳಿರಿ. ಸಹಿಗೆ ಮೊದಲು ಕಾಗದದ ಅರ್ಥವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವುದು ಯಾರ ಮೇಲಿನ ಅವಿಶ್ವಾಸವೂ ಅಲ್ಲ. ಅದು ಮನೆಯವರೆಲ್ಲರ ಹಕ್ಕು.